ಎಂ.ಎಸ್ಸಿ. ಮುಗಿದ ಮೇಲೆ ಮತ್ತೆ ರೀಲು ತೊಳೆಯತೊಡಗಿದ್ದು

ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮಾನಸಗಂಗೋತ್ರಿಯಿಂದ ಹೊರಬಿದ್ದಾಗ, ಇನ್ನು ಮನಸ್ಸಿಗೆ ಬಂದಷ್ಟು ಫೋಟೋ ತೆಗೆಯಬಹುದು ಎಂದುಕೊಂಡಿದ್ದೆ. ಬಿಡುವೇನೋ ಸಿಕ್ಕಿತು, ಆದರೆ ಕ್ಯಾಮೆರಾ ಕೈಗೆತ್ತಿಕೊಳ್ಳುವ ಮನಸ್ಸಾಗಲಿಲ್ಲ. ಓದುವ ವರ್ಷಗಳಲ್ಲಿ ಮಾಡಿದ್ದೆಲ್ಲಕ್ಕೂ ಅಂಕವಿತ್ತು: ಇಂಟರ್ನಲ್ಸ್, ಸೆಮಿನಾರು, ಪ್ರಾಜೆಕ್ಟ್ ವರದಿ. ನಾನು ತೆಗೆದ ಕಪ್ಪು-ಬಿಳುಪು ಚಿತ್ರಗಳೂ ಅದೇ ಹಾದಿ ಹಿಡಿದು ಪ್ರದರ್ಶನ, ಸ್ಪರ್ಧೆ ಎಂದು ಹೋಗತೊಡಗಿದ್ದವು. ಕೊನೆಕೊನೆಗೆ ಶಟರ್ ಒತ್ತುವ ಮೊದಲೇ ತೀರ್ಪುಗಾರರು ಏನೆನ್ನುತ್ತಾರೋ ಎಂಬ ಯೋಚನೆ ಬಂದು ಕೂರುತ್ತಿತ್ತು. ಇಂಥ ದಣಿವು ನಿದ್ದೆಯಿಂದ ಹೋಗುವುದಲ್ಲ, ಪ್ರವಾಸದಿಂದಲೂ ಹೋಗುವುದಿಲ್ಲ. ಗೆಳತಿಯರ ಜೊತೆ ಆಗುಂಬೆಗೆ ಹೋಗಿ ನೋಡಿದೆ. ಅಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಈಗಾಗಲೇ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ ನೋಟಗಳೇ.

ನನ್ನನ್ನು ಮತ್ತೆ ಕೆಲಸಕ್ಕೆ ಹಚ್ಚಿದ್ದು ಹೊಸ ಚಿತ್ರಗಳಲ್ಲ, ತೊಳೆಯದೆ, ಅಂದರೆ ರಾಸಾಯನಿಕದಲ್ಲಿ ಅದ್ದಿ ಚಿತ್ರ ಮೂಡಿಸದೆ, ಉಳಿದಿದ್ದ ಹಳೆಯ ಫಿಲ್ಮ್ ರೀಲುಗಳು. ಪರೀಕ್ಷೆಗಳ ನಡುವೆ ತೆಗೆದು, ಡಬ್ಬಿಗೆ ಹಾಕಿ, ಫ್ರಿಜ್ಜಿನ ಬಾಗಿಲಿನಲ್ಲಿ ಅಮ್ಮನ ಉಪ್ಪಿನಕಾಯಿ ಬಾಟಲಿಗಳ ಪಕ್ಕ ಇಟ್ಟಿದ್ದ ಇಲ್ಫೋರ್ಡ್ ಎಚ್‌ಪಿ5 ರೀಲುಗಳವು. ಚಿತ್ರ ತೆಗೆದು ಮುಗಿದ ಕಪ್ಪು-ಬಿಳುಪು ಫಿಲ್ಮನ್ನು ತಂಪಿನಲ್ಲಿಟ್ಟರೆ ಒಂದೆರಡು ವರ್ಷ ಕಾದರೂ ಚಿತ್ರ ಅಳಿಯುವುದಿಲ್ಲ; ಹೆಚ್ಚೆಂದರೆ ತುಸು ಮಸುಕಾದೀತು. ಹೊಸದಾಗಿ ಏನನ್ನೂ ತೆಗೆಯುವುದು ಬೇಡ, ಮೊದಲು ಇವನ್ನು ತೊಳೆದು ಮುಗಿಸೋಣ ಎಂದು ನಿರ್ಧರಿಸಿದೆ.

ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರನ್ನು ಕೊಳ್ಳುವ ಬದಲು ಮನೆಯಲ್ಲೇ ಬೆರೆಸಿಕೊಂಡೆ. ಕೊಡಾಕ್ ಕಂಪನಿ 1920ರ ದಶಕದಲ್ಲಿ ರೂಪಿಸಿದ ಡಿ-76 ಎಂಬ ಡೆವಲಪರಿನ ಸೂತ್ರ ಯಾವ ಗುಟ್ಟೂ ಅಲ್ಲ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮುಕ್ಕಾಲು ಲೀಟರು ನೀರನ್ನು 50 ಡಿಗ್ರಿಯ ಹತ್ತಿರ ಬಿಸಿ ಮಾಡಿ, ಮೊದಲು ಒಂದು ಚಿಟಿಕೆ ಸಲ್ಫೈಟ್ ಮಾತ್ರ ಹಾಕಬೇಕು. ಮೆಟಾಲ್ ಗಾಳಿಯಲ್ಲಿ ಕೆಡದಿರಲು ಅಷ್ಟು ಸಾಕು. ಸಲ್ಫೈಟ್ ಪೂರ್ತಿ ಕರಗಿದ ನೀರಿಗೆ ಮೆಟಾಲ್ ಹಾಕಿದರೆ ಅದು ಕರಗದೆ ತೇಲಾಡುತ್ತದೆ. ಮೆಟಾಲ್ ಕರಗಿದ ಮೇಲೆ ಉಳಿದ ಸಲ್ಫೈಟ್, ಆಮೇಲೆ ಹೈಡ್ರೋಕ್ವಿನೋನ್, ಕೊನೆಗೆ ಬೋರಾಕ್ಸ್, ಹೀಗೆ ಒಂದೊಂದೂ ಪೂರ್ತಿ ಕರಗಿದ ನಂತರವೇ ಮುಂದಿನದು. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲವಾದ್ದರಿಂದ ಕೈಗವಸು ಬೇಕೇ ಬೇಕು. ಅಡುಗೆಮನೆಯ ಪಾತ್ರೆ, ಚಮಚಗಳನ್ನು ಇದಕ್ಕೆ ಬಳಸಕೂಡದು ಎಂಬುದನ್ನು ಅಮ್ಮ ನನಗಿಂತ ಮೊದಲೇ ಘೋಷಿಸಿದ್ದರು.

ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಟೈಟ್ರೇಶನ್ ಮಾಡಿದ್ದ ನನಗೆ ತೂಗುವುದು, ಕದಡುವುದು ಹೊಸತೇನಲ್ಲ. ಆದರೆ ಅಲ್ಲಿ ರೀಡಿಂಗ್ ಸರಿ ಬಂದರೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುತ್ತಿತ್ತು, ಅಲ್ಲಿಗೆ ವಿಷಯ ಮುಗಿಯುತ್ತಿತ್ತು. ಇಲ್ಲಿ ಅದೇ ಕೈಚಳಕ ನನಗೇ ಬೇಕಾದ ಒಂದು ದ್ರಾವಣವಾಗಿ ಕಂದು ಬಾಟಲಿಯಲ್ಲಿ ಉಳಿಯಿತು, ಮರುದಿನ ಉಪಯೋಗಕ್ಕೆ ಬಂತು. ಓದಿದ್ದು ವ್ಯರ್ಥವೋ ಅಲ್ಲವೋ ಎಂದು ನೆಂಟರು ಕೇಳುತ್ತಿದ್ದ ಪ್ರಶ್ನೆಗೆ ಇದು ಉತ್ತರವಾಗಲಿಲ್ಲ, ನಿಜ; ಆ ಪ್ರಶ್ನೆ ಕೆಲವು ತಾಸು ಮರೆತುಹೋಗುತ್ತಿತ್ತು.

ಮೈಸೂರಿನ ಬೇಸಿಗೆಯಲ್ಲಿ ನಿಜವಾದ ತೊಡಕು ನೀರಿನ ಶಾಖ. ಡಿ-76ನ್ನು ಸಮಪಾಲು ನೀರಿನೊಡನೆ ಬೆರೆಸಿದಾಗ ಎಚ್‌ಪಿ5ಗೆ 20 ಡಿಗ್ರಿಯಲ್ಲಿ 11 ನಿಮಿಷ ಬೇಕು. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು ಅದಕ್ಕಿಂತ ಎಷ್ಟೋ ಬಿಸಿಯಿರುತ್ತದೆ. ಶಾಖ ಏರಿದಂತೆ ಸಮಯ ಕಡಿಮೆ ಮಾಡಬೇಕು, ಆದರೆ 5 ನಿಮಿಷಕ್ಕಿಂತ ಕೆಳಗಿಳಿದರೆ ಫಿಲ್ಮಿನ ಮೇಲೆ ಕಲೆಕಲೆಯಾಗಿ ಏಳುವ ಭಯ. ನನಗೆ ಹಳೆಯ ಡೆವಲಪಿಂಗ್ ಟ್ಯಾಂಕು ಕೊಟ್ಟ ಸ್ಟುಡಿಯೋ ಯಜಮಾನರು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಕಾಗದದ ಮೇಲೆ ಪ್ರಿಂಟು ಹಾಕಿ ಬಾಳು ನಡೆಸಿದವರು. "ಏನಮ್ಮಾ, ಎಂ.ಎಸ್ಸಿ. ಓದಿ ರೀಲ್ ತೊಳೀತೀಯಾ?" ಎಂದು ನಕ್ಕರು. ಐಸಿನ ವಿಷಯ ಕೇಳಿದ್ದಕ್ಕೆ, "ಐಸ್ ಯಾಕೆ? ಮನೇಲಿ ಮಣ್ಣಿನ ಹೂಜಿ ಇಲ್ವಾ?" ಎಂದರು. ರಾತ್ರಿಯಿಡೀ ಹೂಜಿಯಲ್ಲಿದ್ದ ನೀರು ಬೆಳಗಿನ ಜಾವ 24 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತಿತ್ತು. ಆ ಶಾಖಕ್ಕೆ ಎಂಟು ನಿಮಿಷಕ್ಕೂ ತುಸು ಕಡಿಮೆ ಸಮಯ ಸಾಕು. ಡೆವಲಪರ್, ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ನಿಲ್ಲಿಸುವ ಫಿಕ್ಸರ್, ತೊಳೆಯುವ ನೀರು ಮೂರನ್ನೂ ಅದೇ ಶಾಖದಲ್ಲಿಟ್ಟುಕೊಂಡರೆ ಆಯಿತು; ಫಿಲ್ಮಿಗೆ 20 ಡಿಗ್ರಿಯೇ ಬೇಕೆಂಬ ಹಟವಿಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಶಾಖ ಏರುಪೇರಾಗಬಾರದು, ಅಷ್ಟೆ.

ಬೋರ್‌ವೆಲ್ ನೀರಿನ ಸುಣ್ಣದ ಕಲೆ ತಪ್ಪಿಸಲು ಕೊನೆಯ ಜಾಲಿಕೆಗೆ ಮಾತ್ರ ಡಿಸ್ಟಿಲ್ಡ್ ವಾಟರ್ ಬಳಸಿದೆ. ಬಳಸಿ ಮುಗಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುವುದರಿಂದ ಅದನ್ನು ಚರಂಡಿಗೆ ಸುರಿಯದೆ ಕ್ಯಾನಿನಲ್ಲಿ ತುಂಬಿ, ಸ್ಟೀಲ್ ವುಲ್ ಮುಳುಗಿಸಿಟ್ಟೆ. ಕಬ್ಬಿಣ ಕರಗುತ್ತ ಬೆಳ್ಳಿಯನ್ನು ಕೆಸರಿನಂತೆ ಕೆಳಗಿಳಿಸುತ್ತದೆ.

ಒಣಗಿದ ನೆಗೆಟಿವ್‌ಗಳನ್ನು ಆರಾರು ಚಿತ್ರಗಳ ಪಟ್ಟಿಗಳಾಗಿ ಕತ್ತರಿಸಿ, ಕೆಂಪು ದೀಪದಲ್ಲಿ ಎಂಟು-ಹತ್ತು ಇಂಚಿನ ಕಾಗದದ ಮೇಲೆ ಜೋಡಿಸಿ, ಗಾಜು ಹೇರಿ, ಸಣ್ಣ ಬಲ್ಬನ್ನು ಕೆಲವು ಸೆಕೆಂಡು ಬೆಳಗಿಸಿ, ಕಾಗದವನ್ನೂ ಡೆವಲಪರ್, ಫಿಕ್ಸರುಗಳಲ್ಲಿ ತೊಳೆದರೆ, ರೀಲಿನ ಚಿತ್ರಗಳೆಲ್ಲ ನೆಗೆಟಿವ್‌ನಷ್ಟೇ ಗಾತ್ರದಲ್ಲಿ ಮೂಡಿದ ಕಾಂಟ್ಯಾಕ್ಟ್ ಶೀಟ್ ಸಿದ್ಧ. ಚಿತ್ರ ಹಿಗ್ಗಿಸುವ ಎನ್‌ಲಾರ್ಜರ್ ಬೇಕಾಗಿಲ್ಲ. ನನ್ನ ಮಟ್ಟಿಗೆ ಚೇತರಿಕೆ ಶುರುವಾದದ್ದು ಈ ಹಾಳೆಗಳಿಂದ. ಸ್ಪರ್ಧೆಗೆಂದು ಮುತುವರ್ಜಿಯಿಂದ ತೆಗೆದಿದ್ದ ಕುಕ್ಕರಹಳ್ಳಿ ಕೆರೆಯ ಪೆಲಿಕನ್‌ಗಳು ಅಚ್ಚುಕಟ್ಟಾಗಿದ್ದವು, ಆದರೆ ಅವನ್ನು ಯಾರು ಬೇಕಾದರೂ ತೆಗೆಯಬಹುದಿತ್ತು. ಅವುಗಳ ಮಧ್ಯೆ ರೀಲು ಮುಗಿಸಲೆಂದೇ ಒತ್ತಿದ್ದ ಕೆಲವು ಚಿತ್ರಗಳಿದ್ದವು: ಹಾಸ್ಟೆಲಿನ ತಂತಿಯ ಮೇಲೆ ಒಣಗುತ್ತಿದ್ದ ಲ್ಯಾಬ್ ಕೋಟುಗಳು, ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಅಳೆಯುತ್ತಿದ್ದ ಒಂದು ಮೊಳಕೈ, ಸೈಕಲ್ ಸ್ಟ್ಯಾಂಡಿನ ಬಿಸಿಲು. ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡುತ್ತ ಹೋದಂತೆ, ನನಗೆ ಕೈಗಳ ಮೇಲೂ ನೇತುಹಾಕಿದ ಬಟ್ಟೆಗಳ ಮೇಲೂ ಇಷ್ಟೊಂದು ಆಸಕ್ತಿಯಿದೆ ಎಂಬುದು ಮೊದಲ ಸಲ ತಿಳಿಯಿತು. ಯಾವ ತೀರ್ಪುಗಾರರೂ ಅದನ್ನು ಹೇಳಿರಲಿಲ್ಲ. ಅವರಿಗೆ ನಾನು ಕಳಿಸಿದ್ದು ಪೆಲಿಕನ್‌ಗಳನ್ನೇ ತಾನೇ.

ಮತ್ತೆ ಚಿತ್ರ ತೆಗೆಯತೊಡಗಿದಾಗ ಒಂದು ಬದಲಾವಣೆ ಮಾಡಿಕೊಂಡೆ. ನೂರು ಅಡಿಯ, ಅಂದರೆ 30.5 ಮೀಟರಿನ ಬಲ್ಕ್ ರೋಲಿನಿಂದ (ರೀಲುಗಳಾಗಿ ಕತ್ತರಿಸದ ಫಿಲ್ಮಿನ ಸುರುಳಿ) 36 ಚಿತ್ರದ ರೀಲುಗಳು ಸುಮಾರು 18 ಸಿಗುತ್ತವೆ. ನಾನು ಅದನ್ನು ಮುಕ್ಕಾಲು ಮೀಟರಿಗಿಂತ ಸ್ವಲ್ಪ ಉದ್ದವಾಗಿ ಕತ್ತರಿಸಿ, ಹನ್ನೆರಡೇ ಚಿತ್ರದ ಪುಟ್ಟ ರೀಲುಗಳನ್ನು ಸುತ್ತಿಕೊಳ್ಳುತ್ತೇನೆ. ಪ್ರತಿ ರೀಲಿನ ತಲೆ-ಬಾಲದಲ್ಲಿ ಫಿಲ್ಮು ಪೋಲಾಗುವುದರಿಂದ ಲೆಕ್ಕ ಹಾಕುವವರಿಗೆ ಇದು ದಂಡವೆನಿಸೀತು. ಆದರೆ ಮೂವತ್ತಾರು ಚಿತ್ರಗಳ ರೀಲು ಕ್ಯಾಮೆರಾದೊಳಗೆ ತಿಂಗಳುಗಟ್ಟಲೆ ಮುಗಿಯದೆ ಕುಳಿತು ಬಾಕಿ ಕೆಲಸದಂತೆ ಕಾಡುತ್ತದೆ. ಹನ್ನೆರಡರದು ಒಂದು ಸಂಜೆಯ ತಿರುಗಾಟಕ್ಕೆ ಮುಗಿಯುತ್ತದೆ. ಮನೆಪಾಠ ಹೇಳಿ ಬಂದ ದಿನ ಉಳಿಯುವ ಶಕ್ತಿಯೂ ಸುಮಾರು ಅಷ್ಟೇ. 50 ಎಂ.ಎಂ. ಲೆನ್ಸ್ ಒಂದೇ, ಎಚ್‌ಪಿ5 ಒಂದೇ.

ತೆಗೆದ ರೀಲನ್ನು ಕೂಡಲೇ ತೊಳೆಯುವುದಿಲ್ಲ. ಡಬ್ಬಿಯ ಮೇಲೆ ತಾರೀಖು ಬರೆದು ತಿಂಗಳೆರಡು ತಿಂಗಳು ಫ್ರಿಜ್ಜಿನಲ್ಲೇ ಬಿಡುತ್ತೇನೆ. ಅಷ್ಟರಲ್ಲಿ ಆ ಸಂಜೆಯ ಆಸೆ ಆರಿರುತ್ತದೆ, ಕಾಂಟ್ಯಾಕ್ಟ್ ಶೀಟಿನಲ್ಲಿ ಕಾಣುವುದು ಚಿತ್ರ ಮಾತ್ರ. ಸ್ಪರ್ಧೆಗಳಿಗೆ ಕಳಿಸುವುದನ್ನೂ ಪೂರ್ತಿ ಬಿಟ್ಟಿಲ್ಲ, ಆದರೆ ಕನಿಷ್ಠ ಒಂದು ವರ್ಷ ಹಳೆಯದಾದ ನೆಗೆಟಿವ್‌ಗಳಿಂದ ಮಾತ್ರ ಆರಿಸುತ್ತೇನೆ.