ಮೂರು ದಿನಗಳ ರಜೆಯಲ್ಲಿ ತಡಿಯಂಡಮೋಳ್: ಚಾರಣಕ್ಕೂ ಕೊಡಗಿನ ಊಟಕ್ಕೂ ಯೋಜನೆ ಹಾಕುವ ಬಗೆ

ವಾರಾಂತ್ಯಕ್ಕೆ ಹೊಂದಿಕೊಂಡು ಇನ್ನೊಂದು ದಿನ ರಜೆ ಸಿಕ್ಕಾಗ ಕೊಡಗಿಗೆ ಹೊರಡುವವರಲ್ಲಿ ಹೆಚ್ಚಿನವರು ಮಡಿಕೇರಿಯಲ್ಲಿ ಕೊಠಡಿ ಹಿಡಿದು, ಅಬ್ಬಿ ಜಲಪಾತ, ರಾಜಾಸೀಟು, ದುಬಾರೆ, ತಲಕಾವೇರಿ ಎಂದು ಮೂರೂ ದಿನಗಳನ್ನು ವಾಹನದಲ್ಲಿಯೇ ಕಳೆದುಬಿಡುತ್ತಾರೆ. ಬೆಟ್ಟ ಹತ್ತುವುದು ಮತ್ತು ಅಲ್ಲಿನ ಅಡುಗೆಯನ್ನು ನೆಮ್ಮದಿಯಿಂದ ಉಣ್ಣುವುದೇ ಉದ್ದೇಶವಾದರೆ ಈ ಕ್ರಮ ಕೆಲಸಕ್ಕೆ ಬಾರದು. ಒಂದೇ ಬೆಟ್ಟ, ಒಂದೇ ಮನೆ ಎಂದು ಮೊದಲೇ ನಿರ್ಧರಿಸಿ, ಬೆಟ್ಟವನ್ನು ನಡುವಿನ ದಿನಕ್ಕೆ ಇಟ್ಟುಕೊಂಡು, ಉಳಿದದ್ದೆಲ್ಲವನ್ನೂ ಅದರ ಸುತ್ತ ಹೊಂದಿಸಿಕೊಳ್ಳುವುದು ಒಳ್ಳೆಯದು. ಈ ಲೆಕ್ಕಕ್ಕೆ ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ (1,748 ಮೀಟರ್) ಮತ್ತು ಅದರ ಬುಡದ ಕಕ್ಕಬ್ಬೆ ಎಂಬ ಊರು ಚೆನ್ನಾಗಿ ಒದಗುತ್ತವೆ.

ಮೊದಲು ಋತುವನ್ನು ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಸುರಿಯುವ ಮಳೆ ಬಯಲುಸೀಮೆಯವರ ಅಂದಾಜಿಗೆ ಸಿಗುವಂಥದ್ದಲ್ಲ. ದಾರಿ ಜಾರುತ್ತದೆ, ಮಂಜಿನಲ್ಲಿ ಹತ್ತು ಮಾರು ದೂರವೂ ಕಾಣುವುದಿಲ್ಲ, 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ ಮಳೆಗಾಲದ ಎಚ್ಚರಿಕೆಗಳನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಹುಲ್ಲುಗಾವಲು ಒಣಗಿ ಕಾಳ್ಗಿಚ್ಚಿನ ಭಯವಿರುವಾಗಲೂ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದುಂಟು. ಆದ್ದರಿಂದ ಅಕ್ಟೋಬರ್‌ನ ಕೊನೆಯಿಂದ ಜನವರಿಯವರೆಗಿನ ರಜೆಗಳೇ ಸೂಕ್ತ. ರಾಜ್ಯದ ಅರಣ್ಯ ಚಾರಣಗಳಿಗೆ ಈಗ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಟಿಕೆಟ್ ಕಾಯ್ದಿರಿಸಬೇಕು, ಮತ್ತು ದಿನಕ್ಕೆ ಇಂತಿಷ್ಟೇ ಜನರಿಗೆ ಪ್ರವೇಶ. ಉದ್ದ ರಜೆಗಳಲ್ಲಿ ಈ ಟಿಕೆಟ್‌ಗಳು ಬೇಗ ಮುಗಿಯುವುದರಿಂದ, ಹೋಮ್‌ಸ್ಟೇಗೆ ಹಣ ಕಟ್ಟುವ ಮೊದಲೇ ಚಾರಣದ ಟಿಕೆಟ್ ಪಡೆಯಿರಿ; ಇದು ತಲೆಕೆಳಗಾಗಿ ಟಿಕೆಟ್ ಸಿಗದೆ ಹೋದರೆ ಬೆಟ್ಟವನ್ನು ಅಂಗಳದಿಂದ ನೋಡಿ ಹಿಂದಿರುಗಬೇಕಾಗುತ್ತದೆ. ಗುರುತಿನ ಚೀಟಿಯ ಮೂಲಪ್ರತಿಯನ್ನೂ ಟಿಕೆಟ್‌ನ ಮುದ್ರಿತ ಪ್ರತಿಯನ್ನೂ ಜೊತೆಯಲ್ಲಿಟ್ಟುಕೊಳ್ಳಿ, ಏಕೆಂದರೆ ಬೆಟ್ಟದ ಬುಡದಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ.

ಕೊಡಗಿನಲ್ಲಿ ರೈಲು ಮಾರ್ಗವಿಲ್ಲ. ಬೆಂಗಳೂರಿನವರು ಮೈಸೂರು, ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆಗಳ ಮೂಲಕ ಕಕ್ಕಬ್ಬೆಯನ್ನು ತಲುಪಬಹುದು. ರಜೆಯ ದಟ್ಟಣೆಯಲ್ಲಿ ಇಡೀ ದಿನವೇ ಇದಕ್ಕೆ ಹೋಗುತ್ತದೆಂದು ಭಾವಿಸಿ ಹೊರಡುವುದು ಲೇಸು. ಬಸ್ಸಿನಲ್ಲಿ ಬರುವವರು ವಿರಾಜಪೇಟೆಯಲ್ಲಿ ಬದಲಿಸಿ, ಕಕ್ಕಬ್ಬೆ ಸಮೀಪದ ಕೈಕಂಬದಲ್ಲಿ ಇಳಿಯಬೇಕು. ಕತ್ತಲಾಗುವ ಮೊದಲೇ ಮನೆ ಸೇರುವಂತೆ ನೋಡಿಕೊಳ್ಳಿ. ಕಾಫಿ ತೋಟಗಳ ನಡುವಿನ ರಸ್ತೆಗಳಲ್ಲಿ ಇರುಳು ಮತ್ತು ನಸುಕಿನಲ್ಲಿ ಆನೆಗಳು ಎದುರಾಗುವುದು ಕೊಡಗಿನಲ್ಲಿ ಅಪರೂಪದ ಸಂಗತಿಯಲ್ಲ.

ಮನೆಯನ್ನು ಆರಿಸುವಾಗ ಈಜುಕೊಳವಿದೆಯೇ, ಕಣಿವೆಯ ನೋಟವಿದೆಯೇ ಎಂದು ಕೇಳುವುದಕ್ಕಿಂತ, ಅಡುಗೆ ಮಾಡುವವರು ಯಾರು ಎಂದು ಕೇಳಿ. ಮನೆಯವರೇ ಒಲೆಯ ಮುಂದೆ ನಿಲ್ಲುವ ಹೋಮ್‌ಸ್ಟೇಯಲ್ಲಿ ಸಿಗುವ ಕೊಡವ ಅಡುಗೆಗೂ, ‘ಕೂರ್ಗ್ ಶೈಲಿ’ ಎಂದು ಪಟ್ಟಿಯಲ್ಲಿ ಬರೆದುಕೊಂಡ ಹೋಟೆಲಿನ ಅಡುಗೆಗೂ ಬಹಳ ಅಂತರವಿದೆ. ಏನು ಬೇಕೆಂಬುದನ್ನು ಎರಡು ಮೂರು ದಿನ ಮುಂಚೆಯೇ ತಿಳಿಸಬೇಕು. ಪಂದಿಕರಿ ಎಂದರೆ ಹುರಿದು ಪುಡಿಮಾಡಿದ ಮಸಾಲೆಯಲ್ಲಿ ಹಂದಿಮಾಂಸವನ್ನು ನಿಧಾನವಾಗಿ ಬೇಯಿಸಿ, ಕೊನೆಗೆ ಕಾಚಂಪುಳಿ ಎಂಬ ಹಣ್ಣಿನ ಹುಳಿ ಹಾಕಿ ಇಳಿಸುವ ಪದಾರ್ಥ. ಅದರ ಕಪ್ಪು ಬಣ್ಣವೂ ಹುಳಿಯೂ ಬಹುಪಾಲು ಈ ಕಾಚಂಪುಳಿಯಿಂದಲೇ ಬರುತ್ತವೆ. ಇದರೊಂದಿಗೆ ಅಕ್ಕಿತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಇಡುವ ಕಡಂಬುಟ್ಟು ಇರಲೇಬೇಕು. ಕೋಳಿಕರಿ ಕೇಳಿದವರು ಅಕ್ಕಿಶಾವಿಗೆಯಾದ ನೂಲ್‌ಪುಟ್ಟನ್ನೂ, ಬೆಳಗಿನ ತಿಂಡಿಗೆ ಅಕ್ಕಿರೊಟ್ಟಿಯನ್ನೂ, ತೆಂಗಿನತುರಿ ಮತ್ತು ಹಾಲು ಬೆರೆತ ಪಾಪುಟ್ಟನ್ನೂ ಕೇಳಬಹುದು. ಮಾಂಸ ತಿನ್ನದವರಿಗೆ ಕೊಡಗಿನಲ್ಲಿ ಏನೂ ಇಲ್ಲವೆಂಬ ಮಾತು ಸುಳ್ಳು: ಮಳೆಗಾಲದಲ್ಲಿ ಎಳೆಬಿದಿರಿನ ಬೈಂಬಳೆ ಕರಿ, ಅಣಬೆಯ ಕುಮ್ಮು ಕರಿ, ಬೇಸಿಗೆಯಲ್ಲಿ ಕಾಡುಮಾವಿನ ಕರಿ ಇವೆ. ಆದರೆ ಇವೆಲ್ಲ ಋತುವಿಗೆ ಕಟ್ಟುಬಿದ್ದ ಅಡುಗೆಗಳಾದ್ದರಿಂದ ಡಿಸೆಂಬರ್‌ನಲ್ಲಿ ಹೋಗಿ ತಾಜಾ ಬೈಂಬಳೆ ಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಕಾಡುಪ್ರಾಣಿಯ ಮಾಂಸ ಸಿಗುತ್ತದೆಯೇ ಎಂದು ವಿಚಾರಿಸುವವರೂ ಇದ್ದಾರೆ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧವಾಗಿದ್ದು, ಹಾಗೆ ಕೇಳುವುದು ಮನೆಯವರಿಗೂ ಮುಜುಗರದ ಸಂಗತಿ.

ಮೊದಲ ರಾತ್ರಿ ಹಿತಮಿತವಾಗಿ ಉಂಡು ಮಲಗಿ. ಪಂದಿಕರಿಯಂಥ ಭಾರದ ಊಟವನ್ನು ಬೆಟ್ಟ ಇಳಿದು ಬಂದ ಸಂಜೆಗೆ ಕಾದಿರಿಸುವುದು ಹೊಟ್ಟೆಗೂ ಕಾಲಿಗೂ ಹಿತ.

ಚಾರಣದ ದಾರಿ ನಾಲ್ಕುನಾಡು ಅರಮನೆಯ ಬಳಿಯಿಂದ ಏರತೊಡಗುತ್ತದೆ. ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ, 1834ರಲ್ಲಿ ಬ್ರಿಟಿಷರ ಸೇನೆ ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದಿದ್ದ ಈ ಪುಟ್ಟ ಅರಮನೆಯನ್ನು ಹಿಂದಿನ ಸಂಜೆಯೋ ಮೂರನೆಯ ದಿನವೋ ನೋಡಿಕೊಳ್ಳಿ. ಬೆಳಗಿನ ತಂಪಾದ ಹೊತ್ತನ್ನು ಅದಕ್ಕೆ ಕೊಡಬಾರದು. ಅಲ್ಲಿಂದ ತುದಿಗೆ ಆರೇಳು ಕಿಲೋಮೀಟರ್ ಇದೆ. ಸಮತಟ್ಟಿನಲ್ಲಿ ಗಂಟೆಗೆ ಐದು ಕಿಲೋಮೀಟರ್ ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬುದು ಚಾರಣಿಗರ ಹಳೆಯ ಲೆಕ್ಕ; ಅಭ್ಯಾಸವಿಲ್ಲದವರು, ಮಕ್ಕಳೊಂದಿಗೆ ಬಂದವರು ಅದರ ಒಂದೂವರೆ ಪಟ್ಟು ಸಮಯ ಹಿಡಿದುಕೊಳ್ಳಬೇಕು. ಮೊದಲ ಭಾಗ ತೋಟ, ಕಾಡುಗಳ ನೆರಳಿನಲ್ಲಿ ಸಾಗಿ, ಆಮೇಲೆ ಬಯಲು ಹುಲ್ಲುಗಾವಲಿಗೆ ತೆರೆದುಕೊಳ್ಳುತ್ತದೆ. ಕಣಿವೆಯ ಮಡಿಲುಗಳಲ್ಲಿ ಮಾತ್ರ ಶೋಲಾ ಎಂಬ ನಿತ್ಯಹಸಿರು ಕಾಡು ಗುಂಪುಗಟ್ಟಿರುವ ಈ ಎತ್ತರದಲ್ಲಿ ಬಿಸಿಲಿಗೆ ಮರೆಯೇ ಇಲ್ಲ, ಟೋಪಿ ಮರೆತವರಿಗೆ ಇದು ಬೇಗ ತಿಳಿಯುತ್ತದೆ. ತುದಿಗೆ ಹತ್ತಿರವಾದಂತೆ ಏರು ಕಡಿದಾಗಿ, ಮತ್ತೆ ಸ್ವಲ್ಪ ದೂರ ಕಾಡಿನ ನಡುವೆ ಬೇರುಗಳನ್ನು ಹಿಡಿದು ಹತ್ತಬೇಕಾಗುತ್ತದೆ. ಗುಂಪಿನಲ್ಲಿ ದಣಿದವರು ಇದ್ದರೆ, ಆ ಕೊನೆಯ ಏರಿಗೆ ಮೊದಲೇ ನಿಂತುಬಿಡುವುದರಲ್ಲಿ ಅವಮಾನವೇನೂ ಇಲ್ಲ. ಹುಲ್ಲುಗಾವಲಿನಿಂದ ಕಾಣುವ ನೋಟ ತುದಿಯ ನೋಟಕ್ಕಿಂತ ಕಡಿಮೆಯದ್ದೇನಲ್ಲ.

ಚೆಕ್‌ಪೋಸ್ಟ್ ತೆರೆಯುವ ಹೊತ್ತಿಗೇ ಅಲ್ಲಿರಿ, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವ ನಿಯಮವನ್ನು ಗುಂಪಿನಲ್ಲಿ ಮೊದಲೇ ಮಾಡಿಕೊಳ್ಳಿ. ತಲಾ ಎರಡರಿಂದ ಮೂರು ಲೀಟರ್ ನೀರು, ಓಆರ್‌ಎಸ್ ಪುಡಿಯ ಪೊಟ್ಟಣ, ತೆಳುವಾದ ಮಳೆಯಂಗಿ, ಟಾರ್ಚ್, ಸೀಟಿ ಇವಿಷ್ಟು ಚೀಲದಲ್ಲಿರಲಿ. ಬುತ್ತಿಗೆ ಮನೆಯವರಿಂದಲೇ ಅಕ್ಕಿರೊಟ್ಟಿ, ಚಟ್ನಿ, ಬಾಳೆಹಣ್ಣು ಕಟ್ಟಿಸಿಕೊಳ್ಳಿ. ಮಳೆ ಬಿದ್ದು ಹೆಚ್ಚು ದಿನವಾಗಿರದಿದ್ದರೆ ಕಾಡಿನ ಭಾಗದಲ್ಲಿ ಜಿಗಣೆಗಳು ಕಾಯುತ್ತಿರುತ್ತವೆ. ಪ್ಯಾಂಟನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿ, ಹತ್ತಿದ ಜಿಗಣೆಯನ್ನು ಉಗುರಿನ ಅಂಚಿನಿಂದ ಬಿಡಿಸಿ ತೆಗೆಯಿರಿ, ಕಚ್ಚಿದ ಜಾಗವನ್ನು ತೊಳೆದು ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಒಸರುವುದು ಸಹಜ, ಏಕೆಂದರೆ ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುತ್ತದೆ. ಮಂಡಿನೋವು ಬರುವುದು ಹತ್ತುವಾಗಲ್ಲ, ಇಳಿಯುವಾಗ. ಊರುಗೋಲೊಂದನ್ನು ಹಿಡಿದು, ಸಣ್ಣ ಹೆಜ್ಜೆಯಿಟ್ಟು ಇಳಿಯಬೇಕು. ಒಯ್ದ ಪ್ಲಾಸ್ಟಿಕ್ ಅಷ್ಟನ್ನೂ ವಾಪಸ್ ತರಬೇಕೆಂಬುದನ್ನು ಹೇಳಬೇಕಾಗಿಯೇ ಇರಬಾರದು, ಆದರೂ ದಾರಿಯ ಬದಿಯನ್ನು ನೋಡಿದರೆ ಹೇಳದೆ ವಿಧಿಯಿಲ್ಲ.

ಮೂರನೆಯ ದಿನ ಹೊರಡುವ ಮುನ್ನ ಪಾಡಿ ಇಗ್ಗುತ್ತಪ್ಪ ದೇವಾಲಯಕ್ಕೆ ಹೋಗಿ ಬರುವಷ್ಟು ಸಮಯವಿರುತ್ತದೆ; ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯ ಮುಹೂರ್ತ ಗೊತ್ತುಮಾಡುವುದು ಇಲ್ಲಿಯೇ. ಮಧ್ಯಾಹ್ನದೊಳಗೆ ವಿರಾಜಪೇಟೆಯನ್ನು ದಾಟಿದರೆ ಮೈಸೂರಿನ ಆಚೆಗಿನ ಸಂಜೆಯ ದಟ್ಟಣೆಯನ್ನು ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು. ಮನೆಗೆ ಒಯ್ಯಲು ಜೇನಿನ ಜೊತೆಗೆ ಕಾಚಂಪುಳಿಯ ಒಂದು ಸಣ್ಣ ಸೀಸೆ ಸಾಕು. ಉಪ್ಪಾಗೆಯ ಜಾತಿಯ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಇಳಿಸುವ ಈ ಹುಳಿ ಗಟ್ಟಿಯಾಗಿಯೂ ಕಡುಕಪ್ಪಾಗಿಯೂ ಇರಬೇಕು. ನೀರಾಗಿ ಹರಿಯುವಂಥದ್ದನ್ನು ಕೊಳ್ಳಬೇಡಿ. ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚಕ್ಕಿಂತ ಹೆಚ್ಚು ಬೇಕಾಗುವುದಿಲ್ಲ, ಅದನ್ನೂ ಮಾಂಸ ಬೆಂದ ಮೇಲೆಯೇ ಸೇರಿಸಬೇಕು.