ದಿನಕ್ಕೊಬ್ಬ ಸಂತರು, ದಿನಕ್ಕೊಂದು ಪುಟ: ನನ್ನ ಅನುಭವ

ಯಾವ ದಿನ ಯಾವ ಸಂತರ ಹಬ್ಬ ಅಂತ ಹೇಳುವ ಕ್ಯಾಥೊಲಿಕ್ ಕ್ಯಾಲೆಂಡರ್ ನೋಡಿಕೊಂಡು ಬಟ್ಟೆಯ ಡಿಸೈನ್ ಮಾಡುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ನಮ್ಮ ಕಸುಬಿನವರು "ಇದು ತೀರಾ ಭಕ್ತಿ ಆಯ್ತಲ್ಲ" ಅಂದರು. ಚರ್ಚಿಗೆ ತಪ್ಪದೆ ಹೋಗುವ ಗೆಳತಿಯರು "ಸಂತರನ್ನ ಪ್ರಿಂಟ್ ಮಾಡ್ತೀಯಾ, ಅದೂ ಬಟ್ಟೆ ಮೇಲೆ?" ಅಂತ ಹುಬ್ಬೇರಿಸಿದರು. ಇಬ್ಬರಿಗೂ ಆಗ ಸರಿಯಾಗಿ ಉತ್ತರ ಕೊಡಲು ಆಗಿರಲಿಲ್ಲ. ಈಗ ಕೊಡಬಹುದು. ಸುಮಾರು ಎರಡು ವರ್ಷದಿಂದ ಬಹುತೇಕ ದಿನವೂ ಒಂದು ಪುಟ ತುಂಬುತ್ತಿದೆ. ಹತ್ತು ಪುಟ ಆದರೆ ಅದರಲ್ಲಿ ಎರಡೋ ಮೂರೋ ಮಾರಾಟಕ್ಕೆ ಹೋಗುತ್ತವೆ. ಮುಂಚೆ ತಿಂಗಳಿಗೆ ಒಂದು ಒಳ್ಳೆಯದು ಸಿಕ್ಕಿದರೆ ಅದೇ ದೊಡ್ಡದು.

ರಿಪೀಟ್ (ಬಟ್ಟೆಯುದ್ದಕ್ಕೂ ಮತ್ತೆ ಮತ್ತೆ ಬರುವ ಚಿತ್ರ) ಹೇಗೆ ಕೂರಿಸಬೇಕು, ಬಣ್ಣ ಹೇಗೆ ಬೇರ್ಪಡಿಸಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದು ನಿಮಗೆ ಗೊತ್ತಿರುತ್ತದೆ. ದಿನಾ ಬೆಳಗ್ಗೆ "ಇವತ್ತು ಏನು ಬರೀಲಿ" ಅಂತ ಕೂರುತ್ತೇವಲ್ಲ, ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಆ ಪ್ರಶ್ನೆಗೆ ನಾನು ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲು ಚಿತ್ರ ಸಂಗ್ರಹಿಸುವ ಬೋರ್ಡ್‌ಗಳು. ಅದಕ್ಕೆ ದುಡ್ಡು ಹೋಗಲಿಲ್ಲ, ಸಮಯ ಹೋಯಿತು. ಸಾವಿರಾರು ಚಿತ್ರ ಸೇರಿದವು. ಅದನ್ನು ನೋಡಿ ಒಂದು ಗೆರೆ ಎಳೆದದ್ದು ನೆನಪಿಲ್ಲ. ಆಮೇಲೆ ದಪ್ಪ ಕಾಗದದ ದುಬಾರಿ ಪುಸ್ತಕಗಳು. ಅಷ್ಟು ಒಳ್ಳೆಯ ಕಾಗದದ ಮೇಲೆ ಕೆಟ್ಟ ಚಿತ್ರ ಬರೆಯಲು ಕೈ ಬರಲಿಲ್ಲ, ಇನ್ನೂ ಖಾಲಿ ಇವೆ. ಆಮೇಲೆ "ಸೃಜನಶೀಲತೆ ಬೆಳೆಸಿಕೊಳ್ಳಿ" ಅಂತ ಒಂದು ಆನ್‌ಲೈನ್ ಕೋರ್ಸ್. ಅದರ ಮೊದಲ ಪಾಠ ನೀರು ಕುಡಿಯುವುದು, ಎರಡನೆಯದು ಉಸಿರಾಡುವುದು. ಕೊನೆಗೆ ಮ್ಯೂಸಿಯಂಗಳ ದೊಡ್ಡ ದೊಡ್ಡ ಪುಸ್ತಕಗಳು. ಎಲ್ಲ ಸೇರಿಸಿದರೆ ಎರಡು ತಿಂಗಳ ಸಂಪಾದನೆ ಹತ್ತಿರ ಹತ್ತಿರ ಹೋಗಿದೆ.

ದಾರಿ ಕಂಡಿದ್ದು ಇಟಲಿಯ ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದ ಚಿತ್ರಗಳನ್ನು ನೋಡುವಾಗ. ಫ್ರಾ ಅಂಜೆಲಿಕೊ ಅಲ್ಲಿ 15ನೇ ಶತಮಾನದಲ್ಲಿ ಸಂನ್ಯಾಸಿಗಳ ಕೋಣೆಗಳ ಗೋಡೆಗೆ ಚಿತ್ರ ಬರೆದರು. ಕೋಣೆಗೆ ಒಂದೇ ಚಿತ್ರ. ಆ ಕೋಣೆಯವನಿಗೆ ದಿನಾ ಅದೇ. ಬೋರ್ಡ್ ಇಲ್ಲ, ಆಯ್ಕೆ ಇಲ್ಲ. (1984ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅವರು ಇದೇ ಅಂಜೆಲಿಕೊ ಅವರನ್ನು ಕಲಾವಿದರನ್ನು ಕಾಯುವ ಪಾಲಕರು ಅಂತ ಘೋಷಿಸಿದರು. ಸರಿಯಾದವರನ್ನೇ ಹಿಡಿದಿದ್ದಾರೆ.) ನನಗೂ ಬೇಕಾಗಿದ್ದು ಅದೇ. ಆರಿಸುವ ಕೆಲಸ ನನ್ನ ಕೈಯಿಂದ ತಪ್ಪಬೇಕು. ಕ್ಯಾಥೊಲಿಕ್ ಕ್ಯಾಲೆಂಡರ್ ಆ ಕೆಲಸವನ್ನು ನೂರಾರು ವರ್ಷದಿಂದ ಮಾಡಿಕೊಂಡೇ ಬಂದಿದೆ.

ಕ್ರಮ ಸುಲಭ. ಬೆಳಗ್ಗೆ ಇವತ್ತು ಯಾರ ಹಬ್ಬ ಅಂತ ನೋಡುತ್ತೇನೆ. ಅವರ ಜೀವನ ಕಥೆ ಓದುವುದಿಲ್ಲ, ಅದು ಸಂಜೆಗೆ. ಹಳೆಯ ಚಿತ್ರಗಳಲ್ಲಿ ಅವರ ಕೈಯಲ್ಲಿ ಏನಿದೆ ಅಂತ ಮಾತ್ರ ನೋಡುತ್ತೇನೆ. ಓದಲು ಬಾರದವರಿಗೂ ಸಂತರ ಗುರುತು ಸಿಗಲಿ ಅಂತ ಚಿತ್ರಕಾರರು ಒಬ್ಬೊಬ್ಬರ ಕೈಗೂ ಒಂದೊಂದು ವಸ್ತು ಕೊಟ್ಟಿದ್ದಾರೆ. ಅಪೊಲೋನಿಯಾ ಕೈಯಲ್ಲಿ ಇಕ್ಕಳ, ಅದರ ತುದಿಯಲ್ಲಿ ಹಲ್ಲು. ಬಾರ್ಬರಾಗೆ ಮೂರು ಕಿಟಕಿಯ ಗೋಪುರ. ಡೊರೊಥಿಗೆ ಬುಟ್ಟಿ ತುಂಬಾ ಗುಲಾಬಿ, ಸೇಬು. ನಿವೆಲ್ಲಿನ ಗರ್ಟ್ರೂಡ್ ಅವರ ಕೋಲಿನ ಮೇಲೆ ಇಲಿಗಳು ಹತ್ತುತ್ತಿರುತ್ತವೆ. ಆ ವಸ್ತು ಹಿಡಿದು ಹೊರಗೆ ಹೋಗುತ್ತೇನೆ. ಅದರ ಆಕಾರ ಗಿಡದಲ್ಲೋ ಹುಳುವಿನಲ್ಲೋ ಎಲ್ಲಾದರೂ ಸಿಗುವವರೆಗೆ ವಾಪಸ್ ಬರುವುದಿಲ್ಲ. ಬಂದು ಬರೆಯುತ್ತೇನೆ. ಬಣ್ಣವನ್ನು ಆ ದಿನ ಪಾದ್ರಿ ತೊಡುವ ಪೂಜಾವಸ್ತ್ರದಿಂದ ತೆಗೆದುಕೊಳ್ಳುತ್ತೇನೆ. ಅಷ್ಟೇ.

ಎಲ್ಲರ ಬಾಯಿ ಮುಚ್ಚಿಸಿದ್ದು ಸಂತ ಲಾರೆನ್ಸ್. ಆಗಸ್ಟ್ 10ರ ಹಬ್ಬ. 258ರಲ್ಲಿ ರೋಮಿನಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿ. ಕಬ್ಬಿಣದ ಸರಳುಗಳ ಜಾಲರಿಯ ಮೇಲೆ ಸುಟ್ಟರು ಅನ್ನುವುದು ಕಥೆ, ಹಾಗಾಗಿ ಚಿತ್ರಗಳಲ್ಲಿ ಅವರ ಕೈಯಲ್ಲಿ ಆ ಜಾಲರಿ. ಸ್ಪೇನಿನ ಎಸ್ಕೋರಿಯಲ್ ಅರಮನೆಯನ್ನು ಇದೇ ಜಾಲರಿಯ ನೆನಪಿಗೆ ಚೌಕ ಚೌಕವಾಗಿ ಕಟ್ಟಿದರು ಅಂತ ಹೇಳುವುದುಂಟು. ಜಾಲರಿ ಅಂದರೆ ಏನು? ನಮ್ಮ ಭಾಷೆಯಲ್ಲಿ ಚೆಕ್ಸ್! ಆದರೆ ಬರೀ ಚೆಕ್ಸ್ ಬರೆದರೆ ಅದು ಯಾರೂ ಬರೆಯಬಹುದಾದ ಚೆಕ್ಸ್. ಹೊರಗೆ ಹೋದೆ. ಒಣಗಿ, ತಿರುಳು ಕೊಳೆತು, ನರ ಮಾತ್ರ ಉಳಿದ ಎಲೆ ಸಿಕ್ಕಿತು. ಅದೂ ಜಾಲರಿಯೇ, ಆದರೆ ಒಂದು ಗೆರೆಯೂ ನೇರ ಇಲ್ಲ. ಎಲೆಯ ನರದ ವಕ್ರವನ್ನು ಚೆಕ್ಸ್ ಒಳಗೆ ಇಳಿಸಿದೆ. ರಕ್ತಸಾಕ್ಷಿಯ ದಿನ, ಹಾಗಾಗಿ ಬಣ್ಣ ಕೆಂಪು. ಕಪ್ಪಿಗೆ ಹತ್ತಿರದ ಕೆಂಪು, ಕೆಂಡ ಆರುವಾಗಿನದು. ಆ ಕೆಂಪಿಗೆ ಏನು ಬೆರೆಸಿದೆ ಅಂತ ಕೇಳಬೇಡಿ, ಅದನ್ನು ಹೇಳುವುದಿಲ್ಲ. ಆ ಒಂದು ಪ್ರಿಂಟ್, ಮೇಲೆ ಹೇಳಿದ ಕೋರ್ಸು, ಪುಸ್ತಕ ಎಲ್ಲದರ ದುಡ್ಡನ್ನೂ ಎತ್ತಿಕೊಟ್ಟಿತು. ಕೊಂಡವರಲ್ಲಿ ಎಷ್ಟೋ ಜನಕ್ಕೆ ಅದರಲ್ಲಿ ಸಂತರಿದ್ದಾರೆ ಅಂತಲೇ ಗೊತ್ತಿಲ್ಲ.

ಅಲೆಕ್ಸಾಂಡ್ರಿಯದ ಕ್ಯಾಥರೀನ್ ಅವರನ್ನು ಕೊಲ್ಲಲು ತಂದಿದ್ದರು ಅನ್ನುವ ಚಕ್ರವೂ ಹಾಗೇ ಕೆಲಸಕ್ಕೆ ಬಂತು. ಚಕ್ರದ ಅಂಚಿಗೆ ಚೂಪು ಮೊಳೆ. ಕಿತ್ತಳೆ ಹಣ್ಣನ್ನು ಅಡ್ಡ ಕತ್ತರಿಸಿದರೆ ಒಳಗೆ ಅದೇ ಚಕ್ರ. ಅಪೊಲೋನಿಯಾ ಅವರ ಇಕ್ಕಳ ಇರುವೆಯ ಬಾಯಲ್ಲಿ ಸಿಕ್ಕಿತು, ಭೂತಗನ್ನಡಿ ಬೇಕಾಯಿತು. ನೋಲಾದ ಫೆಲಿಕ್ಸ್ ಹಬ್ಬ ಜನವರಿ 14. ಅವರು ಅಡಗಿದ್ದ ಜಾಗಕ್ಕೆ ಜೇಡ ಬಲೆ ಹೆಣೆದು ಕಾಪಾಡಿತು ಅಂತ ಕಥೆ. ಅವತ್ತು ಹುಡುಕುವ ಕೆಲಸವೇ ಇಲ್ಲ, ಜೇಡ ಎಲ್ಲಿಲ್ಲ?

ಎಲ್ಲ ದಿನವೂ ಹೀಗಿರುವುದಿಲ್ಲ. ಮಠಾಧಿಪತಿಗಳು, ಬಿಷಪ್‌ಗಳು ಸಾಲಾಗಿ ಬರುವ ವಾರಗಳಿವೆ. ಎಲ್ಲರ ಕೈಯಲ್ಲೂ ಪುಸ್ತಕ ಮತ್ತು ದಂಡ. ಮೊದಲ ವರ್ಷ ಆ ವಾರಗಳಲ್ಲಿ ಪುಟ ಖಾಲಿ ಬಿದ್ದವು. ಈಗ ಒಂದು ಉಪಾಯ ಇದೆ, ಅದರಲ್ಲಿ ಅರ್ಧ ಹೇಳುತ್ತೇನೆ: ಹಳೆಯ ಕ್ಯಾಲೆಂಡರ್ ಕೂಡ ಪಕ್ಕದಲ್ಲಿಟ್ಟುಕೊಳ್ಳಿ. 1969ರಲ್ಲಿ ರೋಮಿನ ಕ್ಯಾಲೆಂಡರ್ ತಿದ್ದಿದಾಗ ಬಾರ್ಬರಾ, ಕ್ಯಾಥರೀನ್, ಅಂತಿಯೋಕ್ಯದ ಮಾರ್ಗರೆಟ್ ಅಂಥವರು ಸಾಮಾನ್ಯ ಪಟ್ಟಿಯಿಂದ ಹೊರಗುಳಿದರು. ಚರಿತ್ರೆಯ ಆಧಾರ ಸಾಲದು ಅಂತ. ಕ್ಯಾಥರೀನ್ 2002ರಲ್ಲಿ ವಾಪಸ್ ಬಂದರು. ನನ್ನ ಅನುಭವದಲ್ಲಿ ಚರಿತ್ರೆ ತೆಳ್ಳಗಿದ್ದಷ್ಟೂ ಚಿತ್ರ ದಟ್ಟ. ದಾಖಲೆ ಇರುವವರಿಗೆ ಪುಸ್ತಕ, ದಾಖಲೆ ಇಲ್ಲದವರಿಗೆ ಗೋಪುರ, ಚಕ್ರ, ಡ್ರ್ಯಾಗನ್! ಕೆಲವರ ದಿನಾಂಕವೂ ಬದಲಾಗಿದೆ. ಯೇಸುವಿನ ಶಿಷ್ಯ ತೋಮರ ಹಬ್ಬ ಡಿಸೆಂಬರ್ 21ರಿಂದ ಜುಲೈ 3ಕ್ಕೆ ಬಂತು. ಅಂದರೆ ಅವರ ಬಡಗಿ ಮೂಲೆಮಟ್ಟ ನಿಮಗೆ ವರ್ಷಕ್ಕೆ ಎರಡು ಸಲ ಸಿಗುತ್ತದೆ. ಒಂದೇ ದಿನ ನಾಲ್ಕೈದು ಜನ ಬಂದರೆ ಯಾರನ್ನು ಹಿಡಿಯಬೇಕು ಅನ್ನುವುದು ಉಪಾಯದ ಇನ್ನರ್ಧ. ಅದು ನನಗಿರಲಿ.

ಚಿತ್ರಗಳಿಗೆ ಈಗ ಒಂದು ಕಾಸೂ ಖರ್ಚಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತಮ್ಮ ಹಳೆಯ ಚಿತ್ರಗಳನ್ನು ದೊಡ್ಡ ಫೈಲಿನಲ್ಲೇ ಬಿಟ್ಟಿ ಕೊಡುತ್ತವೆ. ವಾಷಿಂಗ್ಟನ್ನಿನಲ್ಲಿರುವ ಫ್ರಾಂಚೆಸ್ಕೊ ದೆಲ್ ಕೊಸ್ಸಾ ಅವರ ಸಂತ ಲೂಸಿಯನ್ನು ನೋಡಿಲ್ಲದಿದ್ದರೆ ಈಗಲೇ ನೋಡಿ. ಲೂಸಿಯ ಕಣ್ಣು ಕಿತ್ತರು ಅನ್ನುವುದು ಕಥೆ, ಬೇರೆ ಚಿತ್ರಕಾರರು ಆ ಕಣ್ಣುಗಳನ್ನು ತಟ್ಟೆಯಲ್ಲಿಟ್ಟರು. ಕೊಸ್ಸಾ 1470ರ ದಶಕದಲ್ಲಿ ಆ ಕಣ್ಣುಗಳನ್ನು ಒಂದು ಕಡ್ಡಿಯ ತುದಿಗೆ ಮೊಗ್ಗಿನ ಹಾಗೆ ಬಿಡಿಸಿದ್ದಾರೆ. ಲೂಸಿ ಅದನ್ನು ಹೂ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದಿದ್ದಾಳೆ. ನಾವು ಮೋಟಿಫ್ (ಡಿಸೈನಿನ ಮೂಲ ಆಕಾರ) ಅಂತ ತಲೆ ಕೆಡಿಸಿಕೊಳ್ಳುತ್ತೇವಲ್ಲ, ಆತ ಐನೂರು ವರ್ಷದ ಹಿಂದೆಯೇ ಮಾಡಿಟ್ಟಿದ್ದಾನೆ.

ಬಣ್ಣದ ವಿಷಯಕ್ಕೆ ಬಂದರೆ, ಪೂಜಾವಸ್ತ್ರದ ಬಣ್ಣಗಳು ಲೆಕ್ಕಕ್ಕೆ ಸಿಗುವಷ್ಟೇ. ಹಬ್ಬದ ಕಾಲಗಳಲ್ಲದ ಸಾಧಾರಣ ಕಾಲಕ್ಕೆ ಹಸಿರು, ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲಕ್ಕೂ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲಕ್ಕೂ ನೇರಳೆ, ರಕ್ತಸಾಕ್ಷಿಗಳಿಗೆ ಕೆಂಪು, ಉಳಿದ ಸಂತರಿಗೆ ಬಿಳಿ. ಗುಲಾಬಿ ವರ್ಷಕ್ಕೆ ಎರಡೇ ಭಾನುವಾರ, ಆಗಮನ ಕಾಲದ ಮೂರನೆಯದು, ತಪಸ್ಸುಕಾಲದ ನಾಲ್ಕನೆಯದು. ಎರಡೇ ಸಲ ಸಿಗುತ್ತದೆ ಅಂತ ಗೊತ್ತಿದ್ದರೆ ಕೈ ಎಷ್ಟು ಹುಷಾರಾಗುತ್ತದೆ ಗೊತ್ತಾ? ನನ್ನ ಗುಲಾಬಿ ಪ್ರಿಂಟ್‌ಗಳು ಕೆಲವೇ, ಆದರೆ ಒಂದೂ ಉಳಿದಿಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪಿದೆ. ಈ ಬಣ್ಣಗಳನ್ನು ಗಿಡದಿಂದಲೇ ತೆಗೆಯೋಣ ಅಂತ ಹೊರಟೆ. ಬಟ್ಟೆಗೆ ಪಟಿಕ ಕೊಟ್ಟು ಚೆಂಡುಹೂವಿನಲ್ಲಿ ಕುದಿಸಿದರೆ ಗಟ್ಟಿ ಹಳದಿ. ಅದನ್ನೇ ಕಬ್ಬಿಣದ ನೀರಿಗೆ ಅದ್ದಿದರೆ ಮಂಕು ಹಸಿರು. ಸಾಧಾರಣ ಕಾಲದ ಹಸಿರು ಬೇಕಾದವರಿಗೆ ಇದಕ್ಕಿಂತ ಅಗ್ಗದ್ದು ಇಲ್ಲ. ಕಬ್ಬಿಣ ಜಾಸ್ತಿ ಆದರೆ ಬಟ್ಟೆ ಪುಡಿಯಾಗುತ್ತದೆ, ಒಂದು ಒಳ್ಳೆಯ ರೇಷ್ಮೆ ಹೀಗೇ ಹೋಯಿತು. ನೇರಳೆಗೆ ಕೆಂಪು ಎಲೆಕೋಸು ಹಿಡಿದೆ. ಪಾತ್ರೆಯಲ್ಲಿ ಏನು ಬಣ್ಣ ಅಂತೀರಿ! ಒಗೆಯುವ ಸೋಪು ತಗುಲಿದ್ದೇ ನೀಲಿ, ಬಿಸಿಲಿಗೆ ಹಾಕಿದ್ದೇ ಬೂದು. ತಪಸ್ಸುಕಾಲ ಮುಗಿಯುವುದರೊಳಗೆ ಬಣ್ಣ ಮುಗಿದಿತ್ತು. ಯೇಸುವಿನ ತಾಯಿ ಮರಿಯಮ್ಮನ ನಿಲುವಂಗಿಯ ನೀಲಿಗೆ ಅಂತ ಅಸಲಿ ಲಾಪಿಸ್ ಅನ್ನುವ ನೀಲಿ ಕಲ್ಲಿನ ಪುಡಿಯನ್ನೂ ತರಿಸಿದೆ. ಹಳೆಯ ಚಿತ್ರಕಾರರಿಗೆ ಅಫ್ಘಾನಿಸ್ತಾನದ ಗಣಿಯಿಂದ ಬರುತ್ತಿದ್ದ ಕಲ್ಲು ಅದು. ಬೆರಳ ತುದಿಯಷ್ಟು ಪುಡಿಗೆ ಒಂದು ವಾರದ ದುಡಿಮೆ ಕೊಟ್ಟೆ. ಒಂದು ಅಂಗೈಯಗಲ ಬಳಿಯಲೂ ಸಾಲಲಿಲ್ಲ. 1820ರ ದಶಕದಲ್ಲೇ ಫ್ರಾನ್ಸಿನಲ್ಲಿ ಅದೇ ನೀಲಿಯ ಕೃತಕ ರೂಪ, ಕೃತಕ ಅಲ್ಟ್ರಾಮರೀನ್, ಕಂಡುಹಿಡಿದಿದ್ದಾರೆ. ಅದನ್ನೇ ತಂದುಕೊಳ್ಳಿ, ಸುಮ್ನೆ ದುಡ್ಡು ಸುಡಬೇಡಿ.

ಉಡುಪಿನ ವಿಷಯ ತಾನಾಗಿ ಬಂದಿದ್ದು. ಪುಟ ಬರೆದ ದಿನ ಅದರಲ್ಲಿ ಏನಾದರೂ ಒಂದನ್ನು ಮೈಮೇಲೆ ಹಾಕಿಕೊಳ್ಳಬೇಕು, ಹೊಸದೇನೂ ಕೊಳ್ಳಬಾರದು ಅಂತ ನಿಯಮ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಸ್ಪೇನಿನ ಚಿತ್ರಕಾರ ಸುರ್ಬರಾನ್ ಬರೆದ ಸಂತ ಮಾರ್ಗರೆಟ್ ಇದ್ದಾಳೆ. ಹುಲ್ಲಿನ ಟೋಪಿ, ತೋಳಿಗೆ ನೇತುಹಾಕಿದ ಪಟ್ಟೆ ಪಟ್ಟೆ ನೇಯ್ಗೆಯ ಚೀಲ, ಪಕ್ಕದಲ್ಲಿ ಡ್ರ್ಯಾಗನ್. ಡ್ರ್ಯಾಗನ್ ಬಿಟ್ಟು ಉಳಿದದ್ದೆಲ್ಲ ಇವತ್ತೂ ಹಾಕಿಕೊಂಡು ಹೊರಗೆ ಹೋಗಬಹುದು, ನಾನು ಹೋಗಿದ್ದೇನೆ. ಬಾಲೆನ್ಸಿಯಾಗ ಅಂಥ ದೊಡ್ಡ ಫ್ಯಾಷನ್ ಡಿಸೈನರೇ ಸುರ್ಬರಾನ್ ಚಿತ್ರಗಳಿಂದ ಬಟ್ಟೆಯ ಬೀಳು ಕಲಿತರು ಅಂದಮೇಲೆ ನಾವ್ಯಾರು.

ನವೆಂಬರ್ 11 ತೂರಿನ ಮಾರ್ಟಿನ್. ಭಿಕ್ಷುಕನಿಗೆ ಮೇಲಂಗಿಯನ್ನು ಕತ್ತರಿಸಿ ಅರ್ಧ ಕೊಟ್ಟವರು. ನವೆಂಬರ್ 13 ಹೊಮೊಬೋನಸ್, ಇಟಲಿಯ ಕ್ರೆಮೋನಾದ ಬಟ್ಟೆ ವ್ಯಾಪಾರಿ. 1197ರಲ್ಲಿ ತೀರಿಕೊಂಡರು, 1199ರಲ್ಲೇ ಸಂತರಾದರು, ಈಗ ದರ್ಜಿಗಳ ಪಾಲಕರು. 11ಕ್ಕೆ ಕಪಾಟಿನಿಂದ ಬಟ್ಟೆ ತೆಗೆದು ಕೊಟ್ಟುಬಿಡುತ್ತೇನೆ. 13ಕ್ಕೆ ಉಳಿದದ್ದನ್ನು ರಿಪೇರಿ ಮಾಡುತ್ತೇನೆ. ಅಸ್ಸಿಸಿಯ ಫ್ರಾನ್ಸಿಸ್ ಹಬ್ಬ ಅಕ್ಟೋಬರ್ 4, ತೇಪೆಯ ದಿನ. ಅವರ ತೇಪೆ ಹಾಕಿದ ನಿಲುವಂಗಿಯನ್ನು ಅಸ್ಸಿಸಿಯಲ್ಲಿ ಇಂದಿಗೂ ಇಟ್ಟಿದ್ದಾರೆ. ಅದರ ಫೋಟೋ ನೋಡಿ ಮಾಡಿದ ತೇಪೆ ಪ್ರಿಂಟ್ ಲಾರೆನ್ಸ್ ಚೆಕ್ಸ್ ಬಿಟ್ಟರೆ ನನ್ನ ಎರಡನೇ ದೊಡ್ಡ ವ್ಯಾಪಾರ. ಬಡತನವನ್ನೇ ಮದುವೆಯಾದವರ ಹೆಸರಲ್ಲಿ ದುಡ್ಡು ಮಾಡಿದೆಯಲ್ಲ ಅಂತ ಒಬ್ಬ ಗೆಳತಿ ಕೇಳಿದಳು. ಅದರಲ್ಲಿ ಒಂದು ಪಾಲು ಬೇರೆ ಕಡೆ ಹೋಗುತ್ತದೆ, ಎಷ್ಟು ಅಂತ ಅವಳಿಗೂ ಹೇಳಿಲ್ಲ. 2025ರಲ್ಲಿ ಸಂತನಾದ ಹುಡುಗ ಕಾರ್ಲೊ ಅಕುಟಿಸ್ ಅದೇ ಅಸ್ಸಿಸಿಯ ಸಮಾಧಿಯಲ್ಲಿ ಜೀನ್ಸ್, ಸ್ನೀಕರ್ಸ್ ಹಾಕಿಕೊಂಡೇ ಮಲಗಿದ್ದಾನೆ. ಶೂ ದಾರದ ಹೆಣಿಗೆಯ ಒಂದು ರಿಪೀಟ್ ಸದ್ಯ ಮೇಜಿನ ಮೇಲಿದೆ, ಇನ್ನೂ ಸರಿಯಾಗಿ ಕೂತಿಲ್ಲ.

ಚರ್ಚಿನ ಗೆಳತಿಯರ ಹುಬ್ಬಿನ ವಿಷಯ ಹೇಳುವುದನ್ನೇ ಮರೆತಿದ್ದೆ. ನನ್ನದು ಒಂದೇ ಕಟ್ಟುನಿಟ್ಟು: ಮುಖ ಇಲ್ಲ, ಪ್ರಭಾವಳಿ ಇಲ್ಲ, ಶಿಲುಬೆ ಇಲ್ಲ. ಕೈಯಲ್ಲಿರುವ ವಸ್ತು ಮಾತ್ರ. ಕುಳಿತುಕೊಳ್ಳುವ, ಕಾಲೊರೆಸುವ ಬಟ್ಟೆಗೆ ಅದೂ ಇಲ್ಲ. ಇದನ್ನು ವಿವರಿಸಿದ ಮೇಲೆ ಅವರಲ್ಲೇ ಇಬ್ಬರು ತಮ್ಮ ಹೆಸರಿನ ಸಂತರ ಪ್ರಿಂಟ್ ಕೇಳಿಕೊಂಡು ಬಂದರು.

ಒಬ್ಬರು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಬಾರ್ತಲೋಮಿಯೊ, ಆಗಸ್ಟ್ 24. ಚರ್ಮ ಸುಲಿಸಿಕೊಂಡ ಸಂತರು, ಚಿತ್ರಗಳಲ್ಲಿ ಒಮ್ಮೊಮ್ಮೆ ತಮ್ಮ ಚರ್ಮವನ್ನೇ ಕೈಯಲ್ಲಿ ಹಿಡಿದಿರುತ್ತಾರೆ. ಸಿಸ್ಟೀನ್ ಚಾಪೆಲಿನ ಗೋಡೆಯಲ್ಲಿ ಆ ಜೋತುಬಿದ್ದ ಚರ್ಮಕ್ಕೆ ಮೈಕೆಲಾಂಜೆಲೊ ತನ್ನದೇ ಮುಖ ಇಟ್ಟಿದ್ದಾನೆ ಅನ್ನುತ್ತಾರೆ. ಹಾವಿನ ಪೊರೆ ತಂದು ನೋಡಿದೆ, ತೊಗಟೆ ಬಿಡುವ ಮರ ನೋಡಿದೆ, ಎರಡೂ ಬಟ್ಟೆಯ ಮೇಲೆ ಹೊಲಸಾಗಿ ಕಂಡವು. ನಿಮ್ಮಲ್ಲಿ ಯಾರಾದರೂ ಬಾರ್ತಲೋಮಿಯೊ ಅವರನ್ನು ರಿಪೀಟಿಗೆ ಕೂರಿಸಿದ್ದರೆ ತೋರಿಸಿ. ಕೆಂಪಿನ ಗುಟ್ಟು ಬೇಕಾದರೆ ಅದಕ್ಕೆ ಬದಲಾಗಿ ಕೊಡುತ್ತೇನೆ.