ಮೇಲ್ ಫುಲ್ ಆಯ್ತಾ? ದುಡ್ಡು ಕಟ್ಟುವ ಮೊದಲು ಇಷ್ಟು ನೋಡಿ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಎಷ್ಟೋ ಜನರ ಜಿಮೇಲ್ ಹುಟ್ಟಿದ್ದೇ ಆನ್‌ಲೈನ್ ಸೆಂಟರ್‌ನಲ್ಲಿ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿ ತುಂಬಲು ಹೋದಾಗ ಅಂಗಡಿ ಹುಡುಗನೇ ಐಡಿ ಮಾಡಿ, 371(ಜೆ) ಸರ್ಟಿಫಿಕೇಟಿನ ಜೆರಾಕ್ಸ್ ಹಿಂದೆ ಪಾಸ್‌ವರ್ಡ್ ಗೀಚಿಕೊಟ್ಟಿರುತ್ತಾನೆ. ವರ್ಷಗಳಾದ ಮೇಲೆ ‘ಸ್ಟೋರೇಜ್ ಫುಲ್’ ಅಂತ ಬರುತ್ತದೆ. ಸುಮ್ನೆ ಬಿಟ್ಟರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಇಂಟರ್‌ವ್ಯೂ ಪತ್ರ ಕಳಿಸಿದವರಿಗೇ ವಾಪಸ್ ಹೋಗುತ್ತದೆ.

ಮೊದಲು ಜಾಗ ತಿಂದಿದ್ದು ಯಾವುದು ಅಂತ ನೋಡಿ. ಗೂಗಲ್ ಕೊಡುವ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೋಸ್ ಮೂರೂ ಪಾಲುದಾರರು. 2021ರ ಜೂನ್‌ನಿಂದ ಹೊಸದಾಗಿ ಸೇರುವ ಫೋಟೊಗಳು ಲೆಕ್ಕಕ್ಕೆ ಬರುತ್ತಿವೆ. ಆಂಡ್ರಾಯ್ಡ್ ಫೋನಾದರೆ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಅದೇ ಖಾತೆಗೆ ಬೀಳುತ್ತದೆ. ಜಿಮೇಲ್ ಆ್ಯಪ್‌ನಲ್ಲಿ ಮೇಲಿನ ನಿಮ್ಮ ಫೋಟೊ ಒತ್ತಿದರೆ ಎಷ್ಟು ತುಂಬಿದೆ ಅಂತ ಕಾಣುತ್ತದೆ. ಆ ಲೆಕ್ಕದ ಮೇಲೆ ಒತ್ತಿದರೆ ಯಾರ ಪಾಲು ಎಷ್ಟು ಅಂತ ಬಿಡಿಸಿ ತೋರಿಸುತ್ತದೆ. ಬಹಳ ಸಲ ಮೇಲ್ ಪಾಲು ಚಿಕ್ಕದು. ಮದುವೆ ವಿಡಿಯೊ, ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೊಗಳದ್ದೇ ಕಾರುಬಾರು. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ ಚಾಟ್ ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವ ಬಟನ್ ಆಫ್ ಮಾಡಿ, ಹೊಸದಾಗಿ ಒಂದು ಬ್ಯಾಕಪ್ ತೆಗೆಯಿರಿ. ಅಳಿಸಿದ ಮೇಲ್ 30 ದಿನ ಟ್ರ್ಯಾಶ್‌ನಲ್ಲಿ ಕೂತು ಜಾಗ ತಿನ್ನುತ್ತಿರುತ್ತದೆ, ಅದನ್ನೂ ಖಾಲಿ ಮಾಡಿ.

ಇಷ್ಟಾದರೂ ಸಾಲದಿದ್ದರೆ ಗೂಗಲ್‌ನಲ್ಲಿ 100 ಜಿಬಿಗೆ ತಿಂಗಳಿಗೆ ಸುಮಾರು 130 ರೂಪಾಯಿ. ಫೋಟೊ ಜಾಸ್ತಿ ಇದ್ದವರು ಕಟ್ಟಲಿ. ಬರೀ ಮೇಲ್‌ಗಾಗಿ ಕಟ್ಟುವುದು ದಂಡ ಅಂತಲೇ ನನ್ನ ಲೆಕ್ಕ, ಏಕೆಂದರೆ ಇನ್ನೊಂದು ಖಾತೆ ಪುಕ್ಕಟೆ ಸಿಗುತ್ತದೆ.

ಎಲ್ಲಿ ತೆರೆಯಬೇಕು? ಮೈಕ್ರೋಸಾಫ್ಟಿನ ಔಟ್‌ಲುಕ್ ಮೇಲ್‌ಗೆಂದೇ 15 ಜಿಬಿ ಕೊಡುತ್ತದೆ, ಆದರೆ ಅಟ್ಯಾಚ್‌ಮೆಂಟ್‌ಗಳು ಮೈಕ್ರೋಸಾಫ್ಟ್ ಖಾತೆಯ 5 ಜಿಬಿಯ ಬೇರೆ ಲೆಕ್ಕಕ್ಕೂ ಸೇರುತ್ತವೆ. ಜಾಹೀರಾತೂ ಇದೆ. ಯಾಹೂ 1 ಟಿಬಿ ಕೊಡುತ್ತಿದ್ದ ಕಾಲ ಮುಗಿಯಿತು, 2025ರಲ್ಲಿ ಅದು 20 ಜಿಬಿಗೆ ಇಳಿಯಿತು. 2013ರಲ್ಲಿ ಅದರ 300 ಕೋಟಿ ಖಾತೆಗಳ ಮಾಹಿತಿ ಕಳುವಾಗಿತ್ತು ಅನ್ನುವುದೂ ನೆನಪಿರಲಿ. ಚೆನ್ನೈ ಮೂಲದ ಝೋಹೋ 5 ಜಿಬಿ ಕೊಡುತ್ತದೆ, ಜಾಹೀರಾತಿನ ಕಾಟವಿಲ್ಲ. ಅರ್ಜಿ, ಬ್ಯಾಂಕು, ಪಹಣಿ ಪಿಡಿಎಫ್ ಇಡಲು ಇಷ್ಟು ಧಾರಾಳವಾಯಿತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರಿಗೆ ತಮ್ಮ ಅಂಗಡಿ ಹೆಸರಿನಲ್ಲೇ ಮೇಲ್ ಬೇಕಿದ್ದರೂ ಅಲ್ಲಿ ದಾರಿಯಿದೆ. ಆ ಹೆಸರಿನ ವೆಬ್ ವಿಳಾಸದ (ಡೊಮೇನ್) ಬಾಡಿಗೆ ಮಾತ್ರ ವರ್ಷಕ್ಕೊಮ್ಮೆ ಬೇರೆ ಕಟ್ಟಬೇಕು.

ಗುಟ್ಟು ಮುಖ್ಯ ಅನ್ನುವವರಿಗೆ ಸ್ವಿಟ್ಜರ್ಲೆಂಡಿನ ಪ್ರೋಟಾನ್, ಜರ್ಮನಿಯ ಟೂಟಾ ಇವೆ. ಎರಡರಲ್ಲೂ ಪುಕ್ಕಟೆ ಸಿಗುವುದು 1 ಜಿಬಿ ತನಕ. ಪ್ರೋಟಾನ್‌ನಲ್ಲಿ ದಿನಕ್ಕೆ 150 ಮೇಲ್ ಕಳಿಸಬಹುದು. ಒಳಗಿರುವ ಪತ್ರವನ್ನು ಕಂಪನಿಯವರೂ ಓದಲಾಗದಂತೆ ಎರಡೂ ಬೀಗ ಹಾಕಿಡುತ್ತವೆ. ಗೂಗಲ್ ಕೂಡ ಜಾಹೀರಾತಿಗಾಗಿ ಮೇಲ್ ಓದುವುದನ್ನು ಬಿಡುತ್ತೇನೆಂದು 2017ರಲ್ಲೇ ಹೇಳಿದೆ, ಆದರೆ ಅಲ್ಲಿ ಬೀಗದ ಕೈ ಅವರ ಬಳಿಯೇ ಇರುತ್ತದೆ. ಇನ್ನೊಂದು ಮಾತು: ನೀವು ಪ್ರೋಟಾನ್‌ನಿಂದ ಜಿಮೇಲ್‌ಗೆ ಮಾಮೂಲಿಯಂತೆ ಕಳಿಸಿದ ಪತ್ರದ ಪ್ರತಿ ಜಿಮೇಲ್‌ನಲ್ಲಿ ಹೋಗಿ ಕೂರುತ್ತದೆ. ಎದುರಿನವರೆಲ್ಲ ಜಿಮೇಲ್‌ನವರೇ ಆದರೆ ಇದರ ಲಾಭ ಅರ್ಧಕ್ಕರ್ಧ ಕಡಿಮೆ, ಅಲ್ವಾ?

ನಮ್ಮ ಕಡೆ ಗುಟ್ಟು ಸೋರುವುದು ಹೆಚ್ಚಾಗಿ ಆನ್‌ಲೈನ್ ಸೆಂಟರ್‌ನ ಕಂಪ್ಯೂಟರ್‌ನಿಂದ. ಖಾತೆಯ ಸೆಕ್ಯುರಿಟಿ ಪುಟಕ್ಕೆ ಹೋಗಿ, ಯಾವ್ಯಾವ ಸಾಧನದಲ್ಲಿ ಲಾಗಿನ್ ಆಗಿದೆ ನೋಡಿ. ಗೊತ್ತಿಲ್ಲದ್ದು ಕಂಡರೆ ಸೈನ್ ಔಟ್ ಮಾಡಿ. ರಿಕವರಿ ನಂಬರ್ ಜಾಗದಲ್ಲಿ ಅಂಗಡಿಯವರ ಮೊಬೈಲ್ ಇದ್ದರೆ ಅವತ್ತೇ ನಿಮ್ಮದು ಹಾಕಿ. ನಂತರ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ನಿಮ್ಮ ಫೋನಿನ ಒಪ್ಪಿಗೆಯನ್ನೂ ಕೇಳುವುದು) ಆನ್ ಮಾಡಿ.

ಹೊಸ ಖಾತೆ ತೆರೆದ ಮೇಲೆ ಮೊದಲು ಬ್ಯಾಂಕಿನಲ್ಲಿ, ಆಮೇಲೆ ಉಳಿದ ಕಡೆ ವಿಳಾಸ ಬದಲಿಸಿ. ಅರ್ಜಿ ಹಾಕಿದ ನೇಮಕಾತಿ ಮುಗಿಯುವ ತನಕ ಹಳೆಯದನ್ನು ಮುಚ್ಚಬೇಡಿ. ಹಾಗಂತ ಮರೆತೂ ಬಿಡಬೇಡಿ. ಪುಕ್ಕಟೆ ಟೂಟಾ ಖಾತೆಯನ್ನು 6 ತಿಂಗಳು, ಯಾಹೂವನ್ನು 12 ತಿಂಗಳು, ಗೂಗಲ್ ಖಾತೆಯನ್ನು 2 ವರ್ಷ ಮುಟ್ಟದೇ ಇದ್ದರೆ ಕಂಪನಿಯವರೇ ಅದನ್ನು ಒಳಗಿರುವ ಪತ್ರಗಳ ಸಮೇತ ಅಳಿಸಿಹಾಕಬಹುದು.